ಕಾಂತಿ ಟೀಚರ್ ಕೇಳಿದ ಹದಿನೈದು ನಿಮಿಷ

ಆ ವಾರವಿಡೀ ವಾಮದಪದವಿನ ಅಣ್ಣು ಶೆಟ್ಟರ ಮನೆಯಲ್ಲಿ ನಾಲ್ಕು ಜನ ನಾಲ್ಕು ಹೊತ್ತಿಗೆ ಉಂಡರು. ಸಂಜೆ ಏಳಕ್ಕೆ ಶೆಟ್ಟರು ಟಿವಿಯ ಎದುರು ಕೂತು ಉಂಡರು. ಅವರು ಕೈ ತೊಳೆದ ಮೇಲೆ ಮೊಮ್ಮಗಳು ಸಾತ್ವಿಕಾ ತಟ್ಟೆ ಹಿಡಿದುಕೊಂಡು ಹಿತ್ತಿಲ ಮೆಟ್ಟಿಲಿಗೆ ಹೋದಳು. ಇಬ್ಬರಿಗೂ ಬಡಿಸಿ ಮುಗಿಸಿ ಅಜ್ಜಿ ಕುಸುಮಕ್ಕ ಒಲೆಯ ಬದಿಯಲ್ಲೇ ಕೂತರು. ಸೊಸೆ ಶಶಿಪ್ರಭಾ ಎಲ್ಲರಿಗಿಂತ ಕೊನೆಗೆ, ತಳದಲ್ಲಿ ಉಳಿದ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ನಿಂತೇ ಉಂಡಳು. ಬಂಗುಡೆ ಸಾರು ಪಾತ್ರೆಯಲ್ಲಿ ಹಾಗೆಯೇ ಇತ್ತು. ಅದನ್ನು ಬಡಿಸಿಕೊಳ್ಳಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಶಾಲೆಯಲ್ಲಿ ನಡೆದ ಒಂದು ಫುಟ್ಬಾಲ್ ಪಂದ್ಯಾಟ.

ಊರಿನ ಪ್ರೌಢಶಾಲೆಗೆ ಕಾಂತಿ ಟೀಚರ್ ಬಂದು ಎರಡು ವರ್ಷವಾಗಿತ್ತು. ಬೆಳ್ತಂಗಡಿ ಕಡೆಯವರು, ದಿನಾ ಎರಡು ಬಸ್ಸು ಹಿಡಿದು ಬಂದು ಹುಡುಗಿಯರಿಗೆ ಫುಟ್ಬಾಲ್ ಕಲಿಸುವವರು. ಸರಕಾರದ ಹುದ್ದೆಯಲ್ಲ, ಹಳೆ ವಿದ್ಯಾರ್ಥಿ ಸಂಘ ಕೊಡುವ ಗೌರವಧನ. ಸಂಘದ ಅಧ್ಯಕ್ಷರು ಅಣ್ಣು ಶೆಟ್ಟರು, ಕಾರ್ಯದರ್ಶಿ ಅವರ ಸೊಸೆ. ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡಿದವಳು ಮನೆಯಲ್ಲೇ ಇರುವಾಗ ಆಮಂತ್ರಣ ಬರೆಯಲಿಕ್ಕೆ, ಮೈಕು ಹಿಡಿಯಲಿಕ್ಕೆ ಹೊರಗಿನವರು ಯಾಕೆ ಎಂದು ಶೆಟ್ಟರು ಹೆಮ್ಮೆಯಿಂದ ಕೇಳುತ್ತಿದ್ದರು.

ಟೀಚರ್ ಬಂದ ಮೇಲೆ ಚೆಂಡು ಮುಟ್ಟುವ ಮೊದಲು ಇಪ್ಪತ್ತು ನಿಮಿಷ ಮೈ ಬಿಸಿ ಮಾಡುವ ಕ್ರಮ ಶುರುವಾಯಿತು. ನಿಧಾನ ಓಟ, ಅಡ್ಡ ಓಟ, ತೊಡೆಯನ್ನು ಎತ್ತಿ ಹೊರಗೆ ತಿರುಗಿಸುವುದು, ಒಂದೇ ಕಾಲಿನಲ್ಲಿ ನಿಲ್ಲುವುದು, ಹಾರುವುದು, ಇಳಿಯುವುದು, ಓಡುತ್ತಾ ಓಡುತ್ತಾ ಥಟ್ಟನೆ ದಿಕ್ಕು ಬದಲಿಸುವುದು. ರಜೆಯ ದಿನ ಸಾತ್ವಿಕಾ ಅದನ್ನೆಲ್ಲ ಮನೆಯಂಗಳದಲ್ಲೂ ಮಾಡುತ್ತಿದ್ದಳು.

‘ಇದು ಫುಟ್ಬಾಲಾ, ಬಾಣಂತಿ ವ್ಯಾಯಾಮವಾ?’ ಕುಸುಮಕ್ಕ ಕೇಳಿದ್ದರು.

‘ಅಜ್ಜಿ, ಹಾರಿ ಇಳಿಯುವಾಗ ಮೊಣಕಾಲು ಒಳಗೆ ಹೋಗ್ಬಾರದು. ಪಾದದ ನೇರಕ್ಕೇ ಇರ್ಬೇಕು. ಶಬ್ದ ಬರ್ಬಾರದು. ಬೆಕ್ಕು ಅಟ್ಟದಿಂದ ಹಾರಿದ ಹಾಗೆ.’

‘ಬೆಕ್ಕಿಗೆ ಕಲಿಸಿದ ಟೀಚರ್ ಯಾರು?’

‘ನಮ್ಮ ಕಾಲದಲ್ಲಿ ಲುಂಗಿ ಎತ್ತಿ ಕಟ್ಟಿದರೆ ಮೈ ಬಿಸಿಯಾಯಿತು ಅಂತ ಲೆಕ್ಕ’ ಎಂದಿದ್ದರು ಜಗಲಿಯಿಂದ ಶೆಟ್ಟರು.

‘ಅದಕ್ಕೇ ಅಜ್ಜ, ನೀವು ಈಗ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು.’

ಶೆಟ್ಟರು ಆಗ ಬಿದ್ದು ಬಿದ್ದು ನಕ್ಕಿದ್ದರು.

ತಂಡದಲ್ಲಿ ಒಳ್ಳೆಯ ಆಟಗಾರ್ತಿ ಫಿದಾ. ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟ ಮೂಸಾಕನ ಮಗಳು, ಸಾತ್ವಿಕಾಳದ್ದೇ ತರಗತಿ. ಬಲಗಾಲು ಬಿಟ್ಟರೆ ಬೇರೆ ಕಾಲಿಲ್ಲ ಎಂಬ ಹಾಗೆ ಆಡುತ್ತಿದ್ದವಳಿಗೆ ಟೀಚರ್ ಇಡೀ ಮಳೆಗಾಲ ಎಡಗಾಲಿನಲ್ಲಿ ಮಾತ್ರ ಆಡಿಸಿದರು. ಚೆಂಡು ಬರುವ ಮೊದಲೇ ಹೆಗಲ ಮೇಲಿನಿಂದ ಹಿಂದೆ ನೋಡಿಕೊಳ್ಳಲು ಕಲಿಸಿದರು. ಜನವರಿಯಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು. ಫಿದಾ ಅದಕ್ಕೆ ಹೋಗುವುದು ಗಟ್ಟಿ ಎಂದು ಊರೇ ಹೇಳುತ್ತಿತ್ತು.

ನವೆಂಬರಿನ ಕೊನೆಯ ಶನಿವಾರ ಪಂದ್ಯಾಟ. ಆಮಂತ್ರಣದಲ್ಲಿ ಉದ್ಘಾಟನೆ ಒಂಬತ್ತೂವರೆಗೆ ಎಂದಿತ್ತು. ಟೀಚರ್ ಅದನ್ನು ನಂಬಿ ಒಂಬತ್ತಕ್ಕೇ ಹುಡುಗಿಯರನ್ನು ಓಡಿಸಿ, ಹಾರಿಸಿ, ಬೆವರಿಳಿಸಿ ತಯಾರು ಮಾಡಿದ್ದರು. ಮುಖ್ಯ ಅತಿಥಿ ಮಸ್ಕತ್ತಿನಲ್ಲಿ ಹೋಟೆಲು ನಡೆಸುವವರು, ಮಕ್ಕಳಿಗೆ ಜೆರ್ಸಿ ಕೊಟ್ಟವರು. ಅವರು ಬಂದದ್ದು ಹತ್ತೂಮುಕ್ಕಾಲಿಗೆ. ಅಷ್ಟು ಹೊತ್ತೂ, ಆಮೇಲೂ, ಎರಡು ತಂಡದ ಹುಡುಗಿಯರು ವೇದಿಕೆಯ ಎದುರು ಸಾಲಾಗಿ ನಿಂತಿದ್ದರು. ಕೂತುಕೊಳ್ಳಲಿ ಎಂದು ಟೀಚರ್ ಕೇಳಿದ್ದಕ್ಕೆ ಫೋಟೋದಲ್ಲಿ ಚಂದ ಕಾಣುವುದಿಲ್ಲ ಎಂದು ಸಂಘದವರು ಹೇಳಿದರು.

ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ. ಭಾಷಣ ನಾಲ್ಕು, ಸನ್ಮಾನ ಐದು. ಪ್ರತಿ ಸನ್ಮಾನಕ್ಕೂ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸನ್ಮಾನಪತ್ರದ ವಾಚನ. ಐದೂ ಪತ್ರಗಳನ್ನು ಬರೆದವಳು ಶಶಿಪ್ರಭಾ, ಓದಿದವಳೂ ಅವಳೇ. ಒಬ್ಬರಿಗೆ ಹಾಕಿದ ವಿಶೇಷಣ ಇನ್ನೊಬ್ಬರಿಗೆ ಬಾರದ ಹಾಗೆ ಎರಡು ದಿನ ಕೂತು ಹುಡುಕಿದ್ದಳು. ಐದನೆಯ ಪತ್ರ ಮಾವನದ್ದು.

ಅದನ್ನು ಓದಲು ಎತ್ತಿಕೊಂಡಾಗ ಸಾತ್ವಿಕಾ ಸಾಲು ಬಿಟ್ಟು ಬಂದು ಟೀಚರ್ ಕೊಟ್ಟ ಚೀಟಿಯನ್ನು ಅಮ್ಮನ ಕೈಗಿಟ್ಟಳು. ‘ಮಕ್ಕಳ ಮೈ ತಣಿದಿದೆ. ಆಟಕ್ಕೆ ಮೊದಲು ಹದಿನೈದು ನಿಮಿಷ ಕೊಡಿ’ ಎಂದಿತ್ತು. ಶಶಿಪ್ರಭಾ ಬಗ್ಗಿ ಮಾವನಿಗೆ ತೋರಿಸಿದಳು.

‘ಹದಿನೈದು ನಿಮಿಷವಾ? ಅತಿಥಿಗಳಿಗೆ ಮಾಣಿ ಪೇಟೆಯಲ್ಲಿ ಇನ್ನೊಂದು ಕಾರ್ಯಕ್ರಮ ಉಂಟು. ಚೆಂಡು ಒದೆಸಿ, ಊಟ ಮಾಡಿಸಿ ಕಳಿಸುವ. ನೀನು ಶುರು ಅಂತ ಹೇಳು.’

ಸನ್ಮಾನ ಮುಗಿಯಿತು. ಉತ್ತರ ಬಾರದ್ದನ್ನು ನೋಡಿ ಟೀಚರೇ ವೇದಿಕೆಯ ಮೆಟ್ಟಿಲಿನ ತನಕ ಬಂದರು. ‘ಹತ್ತು ನಿಮಿಷವಾದರೂ ಕೊಡಿ’ ಎಂದು ಮೆಲ್ಲಗೆ ಕೇಳಿದರು. ಅದು ಶಶಿಪ್ರಭಾಳಿಗೆ ಮಾತ್ರ ಕೇಳಿಸಿತು. ಅವಳ ಕೈಯಲ್ಲಿ ಮೈಕಿತ್ತು. ಬೆಳಗಿನಿಂದ ಜನರು ಅವಳ ಮಾತಿಗೆ ಚಪ್ಪಾಳೆ ತಟ್ಟಿದ್ದರು.

‘ಸನ್ಮಾನವೆಲ್ಲ ಮುಗಿಯಿತು ಟೀಚರ್, ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ’ ಎಂದಳು ಮೈಕಿನಲ್ಲಿ. ‘ದಯವಿಟ್ಟು ಮೈದಾನಕ್ಕೆ ಇಳಿಯಬೇಕಾಗಿ ವಿನಂತಿ.’

ಜನ ಗೊಳ್ಳೆಂದು ನಕ್ಕರು. ಮಸ್ಕತ್ತಿನವರೂ ನಕ್ಕರು. ಮಾವ ಮೀಸೆಯಡಿಯಲ್ಲಿ ನಕ್ಕರು. ಶಶಿಪ್ರಭಾಳಿಗೆ ಸಂತೋಷವಾಯಿತು. ಆ ಸಂತೋಷ ಏಳು ನಿಮಿಷ ಇತ್ತು.

ಏಳನೆಯ ನಿಮಿಷದಲ್ಲಿ ಫಿದಾ ಎತ್ತರದ ಚೆಂಡಿಗೆ ಹಾರಿದಳು. ಇಳಿದು ಎಡಕ್ಕೆ ತಿರುಗಿದಳು. ಅವಳ ಹತ್ತಿರ ಯಾರೂ ಇರಲಿಲ್ಲ, ಯಾರೂ ತಾಗಲಿಲ್ಲ. ಮೊಣಕಾಲು ಒಳಗೆ ಹೊರಳಿತು, ಹುಡುಗಿ ನಿಂತಲ್ಲೇ ಕುಸಿದು ಕೂತಳು. ಕೂಗಿದ್ದು ಸ್ವಲ್ಪ ತಡೆದು.

‘ಆಟವನ್ನು ಕೆಲವು ಕ್ಷಣ ಸ್ಥಗಿತಗೊಳಿಸಲಾಗಿದೆ’ ಎಂದು ಶಶಿಪ್ರಭಾ ಅದೇ ಸ್ವರದಲ್ಲಿ ಮೈಕಿನಲ್ಲಿ ಹೇಳಿದಳು.

ಎಣ್ಣೆ ಹಾಕಿ ತಿಕ್ಕುವವರೊಬ್ಬರು ಬೆಳುವಾಯಿಯಲ್ಲಿದ್ದಾರೆ, ಅಲ್ಲಿಗೆ ಹೋಗುವ ಎಂದು ಮೂಸಾಕನ ಮನೆಯವರು ಹೊರಟಿದ್ದರು. ಟೀಚರ್ ಬಿಡಲಿಲ್ಲ. ‘ತಿಕ್ಕಬೇಡಿ, ಎಳೆಯಬೇಡಿ’ ಎಂದು ತಾನೇ ರಿಕ್ಷಾ ಹತ್ತಿ ಮೂಡುಬಿದಿರೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೊಣಕಾಲಿನೊಳಗೆ ಎಲುಬುಗಳನ್ನು ಹಿಡಿದಿಡುವ ದಾರದಂಥ ಲಿಗಮೆಂಟು ಪೂರ್ತಿ ಹರಿದಿದೆ, ಆಪರೇಷನ್ ಆಗಬೇಕು, ಒಂಬತ್ತು ತಿಂಗಳು ಆಟವಿಲ್ಲ ಎಂದರು ಡಾಕ್ಟರು.

ಮರುವಾರ ಸಂಘದ ಸಭೆ. ಮಕ್ಕಳನ್ನು ತಯಾರು ಮಾಡದೆ ಆಡಿಸಿದ್ದು ಯಾರು ಎಂದು ಪೋಷಕರು ಕೇಳಿದರು. ‘ಅದು ಟೀಚರ ಕೆಲಸ ಅಲ್ವಾ’ ಎಂದರು ಶೆಟ್ಟರು. ಟೀಚರ್ ಎದ್ದು ನಿಂತು, ಚೀಟಿ ಕಳಿಸಿದ್ದೆ, ಮೆಟ್ಟಿಲಿಗೆ ಬಂದು ಕೇಳಿದ್ದೆ ಎಂದರು.

‘ಮೆಟ್ಟಿಲಿಗೆ ಬಂದದ್ದು ಸನ್ಮಾನಕ್ಕಲ್ವಾ?’ ಹಿಂದಿನಿಂದ ಯಾರೋ ಕೇಳಿದರು. ನಗು ಹಬ್ಬಿತು. ಊರಿನಲ್ಲಿ ಆ ವಾರ ಹಬ್ಬಿದ್ದ ಮಾತೇ ಅದು. ತನ್ನ ಒಂದು ತಮಾಷೆ ಹೀಗೆ ಸಾಕ್ಷಿಯಾಗಿ ಎದ್ದು ನಿಂತದ್ದನ್ನು ಶಶಿಪ್ರಭಾ ತಲೆ ತಗ್ಗಿಸಿ ಕೇಳಿದಳು.

ಹೆಡ್ಮಾಸ್ಟರು ಅವಳತ್ತ ತಿರುಗಿದರು. ‘ಚೀಟಿ ಬಂದಿತ್ತಾ ಮೇಡಂ?’

ಮಾವ ಕೈಗಡಿಯಾರದ ಪಟ್ಟಿ ಸರಿ ಮಾಡಿಕೊಳ್ಳುತ್ತಿದ್ದರು.

‘ಆ ಗಡಿಬಿಡಿಯಲ್ಲಿ... ಅಂಥ ಚೀಟಿ ಬಂದ ನೆನಪು ನನಗಿಲ್ಲ.’

ಕಾಂತಿ ಟೀಚರ್ ಅವಳನ್ನು ನೋಡಿದರು. ‘ಸರಿ’ ಎಂದರು. ಚೀಲ ಎತ್ತಿಕೊಂಡು ಹೊರಟುಹೋದರು. ಮುಂದಿನ ಸಭೆಯ ತನಕ ತರಬೇತಿ ನಿಲ್ಲಿಸುವುದು, ಗೌರವಧನದ ವಿಚಾರ ಆಗ ತೀರ್ಮಾನಿಸುವುದು ಎಂದಾಯಿತು. ಆ ನಿರ್ಣಯವನ್ನು ದುಂಡಗಿನ ಅಕ್ಷರದಲ್ಲಿ ಬರೆದವಳು ಶಶಿಪ್ರಭಾ.

ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸಾತ್ವಿಕಾ ಬಾಗಿಲಲ್ಲೇ ನಿಂತಿದ್ದಳು.

‘ನಾನೇ ಕೊಟ್ಟದ್ದಲ್ವಾ ಅಮ್ಮ? ನಿನ್ನ ಕೈಗೇ ಅಲ್ವಾ ಕೊಟ್ಟದ್ದು?’

‘ಒಳಗೆ ಬಾ. ರಸ್ತೆಗೆ ಕೇಳ್ತದೆ.’

‘ಮೈಕಿನಲ್ಲಿ ಹೇಳುವಾಗ ಕೇಳಲಿಲ್ವಾ ರಸ್ತೆಗೆ?’

‘ಸಾತ್ವಿಕಾ!’ ಶೆಟ್ಟರು ಗದರಿದರು. ‘ದೊಡ್ಡವರ ವಿಷಯದಲ್ಲಿ ಬಾಯಿ ಹಾಕ್ಬೇಡ. ಮೈ ಬಿಸಿ ಮಾಡಿದರೂ ಕೆಲವು ಸಲ ಹೀಗಾಗ್ತದಂತೆ. ಡಾಕ್ಟರೇ ಹೇಳಿದ್ದಾರೆ.’

‘ಹಾಗಾದ್ರೆ ಚೀಟಿ ಬಂದಿತ್ತು ಅಂತ ಹೇಳ್ಲಿಕ್ಕೆ ಹೆದರಿಕೆ ಎಂತಕ್ಕೆ ಅಜ್ಜ?’

ಶೆಟ್ಟರು ಟಿವಿಯ ಸ್ವರ ಏರಿಸಿದರು. ಅಂದಿನಿಂದಲೇ ಊಟ ನಾಲ್ಕು ಹೊತ್ತಾದದ್ದು.

ಮಾತು ನಿಂತರೂ ಕೆಲಸ ನಿಲ್ಲುವುದಿಲ್ಲ. ಶಶಿಪ್ರಭಾ ಮಗಳ ಯೂನಿಫಾರಂಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲಿಟ್ಟರೆ ಸಾತ್ವಿಕಾ ಹಗ್ಗದಲ್ಲಿದ್ದ ಮುದುಡಿದ್ದನ್ನು ಹಾಕಿಕೊಂಡು ಹೋದಳು. ಬುತ್ತಿಗೆ ನೀರುದೋಸೆ ಕಟ್ಟಿದರೆ ಅಜ್ಜಿಯ ಕೈಯಿಂದ ಬೇರೆ ಕಟ್ಟಿಸಿಕೊಂಡಳು. ಬೆಳಿಗ್ಗೆ ಆರಕ್ಕೆ ಎದ್ದು ಒಬ್ಬಳೇ ಅಂಗಳದಲ್ಲಿ ಹಾರುತ್ತಿದ್ದಳು, ಇಳಿಯುತ್ತಿದ್ದಳು. ಆಡಲು ತಂಡವಿರಲಿಲ್ಲ. ಆದರೂ ಇಪ್ಪತ್ತು ನಿಮಿಷದಲ್ಲಿ ಒಂದನ್ನೂ ಬಿಡಲಿಲ್ಲ. ಶಶಿಪ್ರಭಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಮಗಳು ಇಳಿಯುವಾಗ ನಿಜಕ್ಕೂ ಶಬ್ದವಿರುತ್ತಿರಲಿಲ್ಲ.

ಶುಕ್ರವಾರ ಸಂಜೆ ದೋಹಾದಿಂದ ಲತೇಶನ ವಿಡಿಯೋ ಕರೆ ಬಂತು. ಶಶಿಪ್ರಭಾಳ ಗಂಡ ಅಲ್ಲಿ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಮುಂದಿನ ಸಭೆಯಲ್ಲಿ ನಿಜ ಹೇಳಿಬಿಡಲೇ ಎಂದು ಅವಳು ಕೇಳಿದಳು.

‘ಅಪ್ಪನಿಗೆ ಎಪ್ಪತ್ತೆರಡಾಯಿತು. ಅವರ ಮರ್ಯಾದೆ ತೆಗೆದು ನಿನಗೆ ಎಂತ ಸಿಗ್ತದೆ? ಬಿಟ್ಟುಬಿಡು ಮಾರಾಯ್ತಿ. ಟೀಚರಿಗೆ ಬೇರೆ ಶಾಲೆ ಸಿಗ್ತದೆ.’

ಸಾತ್ವಿಕಾ ಬಂದು ಫೋನು ಕಸಿದುಕೊಂಡಳು. ‘ಪಪ್ಪಾ, ನಿಮ್ಮ ಹೋಟೆಲಿನಲ್ಲಿ ಯಾರಾದ್ರೂ ಸುಳ್ಳು ಹೇಳಿ ಸಿಕ್ಕಿಬಿದ್ರೆ ಎಂತ ಮಾಡ್ತೀರಿ?’

‘ಮನೆಗೆ ಕಳಿಸ್ತೇವೆ.’

‘ಇಲ್ಲಿ ಸತ್ಯ ಹೇಳಿದವರನ್ನು ಕಳಿಸಿದ್ದಾರೆ. ಫೋನು ಇಡ್ತೇನೆ.’

ಕುಸುಮಕ್ಕ ತೆಂಗಿನಕಾಯಿ ತುರಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

‘ಮರ್ಯಾದೆ, ಮರ್ಯಾದೆ. ಅವರ ಮರ್ಯಾದೆಗೆ ನಾನು ಐವತ್ತು ವರ್ಷ ಬಡಿಸಿದ್ದೇನೆ, ಇನ್ನೂ ಹೊಟ್ಟೆ ತುಂಬಲಿಲ್ಲ’ ಎಂದರು. ಆಮೇಲೆ ಸೊಸೆಯ ಮುಖ ನೋಡಿ, ‘ಆ ಹುಡುಗಿಯನ್ನು ನೋಡ್ಲಿಕ್ಕೆ ಹೋದದ್ದುಂಟಾ ನೀನು?’

‘ಇಲ್ಲ ಅತ್ತೆ.’

‘ಹೋಗು. ಬರಿಗೈಯಲ್ಲಿ ಹೋಗ್ಬೇಡ. ಬಾಳೆಗೊನೆಯಿಂದ ಎರಡು ಚಿಪ್ಪು ತೆಗೆದುಕೊಂಡು ಹೋಗು.’

ಬಾಳೆಹಣ್ಣಿನ ಚೀಲ ಹಿಡಿದುಕೊಂಡು ಶಶಿಪ್ರಭಾ ಪೇಟೆಯ ಉದ್ದಕ್ಕೂ ನಡೆದಳು. ಮೂಸಾಕನ ಅಂಗಡಿ ತೆರೆದಿತ್ತು. ಅವರು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದರು. ಅಂಗಡಿಯ ಹಿಂದೆಯೇ ಮನೆ. ಫಿದಾಳ ತಾಯಿ ಜುಲೈಕಾ ಬಾಗಿಲು ತೆರೆದು, ‘ಬನ್ನಿ ಅಕ್ಕ, ಕೂತ್ಕೊಳ್ಳಿ’ ಎಂದು ಒಳಗೆ ಕರೆದರು. ಫಿದಾ ಮಂಚದ ಮೇಲಿದ್ದಳು. ಕಾಲಿಗೆ ತೊಡೆಯಿಂದ ಕೆಳಗಿನ ತನಕ ಪಟ್ಟಿ. ಹಿಮ್ಮಡಿಯ ಅಡಿಯಲ್ಲಿ ಮಡಚಿಟ್ಟ ಟವೆಲು.

‘ನೋವುಂಟಾ?’

‘ಈಗ ಕಡಿಮೆ ಆಂಟಿ. ತೊಡೆ ಸಣ್ಣ ಆಗ್ತಾ ಉಂಟು ನೋಡಿ. ಅದಕ್ಕೆ ಹೀಗೆ ಬಿಗಿ ಹಿಡಿದು ಬಿಡ್ಬೇಕು, ದಿನಕ್ಕೆ ಮೂರು ಸಲ. ಆಪರೇಷನಿಗೆ ಮೊದಲು ಕಾಲಿನಲ್ಲಿ ಶಕ್ತಿ ಇದ್ರೆ ಬೇಗ ಸರಿಯಾಗ್ತದಂತೆ. ಟೀಚರ್ ಹೇಳಿಕೊಟ್ಟದ್ದು.’

‘ಟೀಚರಾ?’

‘ದಿನಾ ಸಂಜೆ ಬರ್ತಾರೆ’ ಎಂದರು ಜುಲೈಕಾ, ಚಾ ತಂದಿಡುತ್ತಾ. ‘ಎರಡು ಬಸ್ಸು ಹಿಡಿದು. ಈಗ ಸಂಬಳವೂ ಇಲ್ಲ. ಬೇಡ ಅಂದ್ರೂ ಕೇಳುವುದಿಲ್ಲ.’

ಶಶಿಪ್ರಭಾ ಲೋಟ ಮುಟ್ಟಲಿಲ್ಲ. ‘ಜುಲೈಕಾ, ನಾನೊಂದು ಮಾತು ಹೇಳ್ಬೇಕು. ಆ ದಿನ ಚೀಟಿ...’

‘ಗೊತ್ತುಂಟಲ್ಲ’ ಎಂದರು ಜುಲೈಕಾ. ಅವರ ಸ್ವರ ಏರಲಿಲ್ಲ. ‘ನಾನು ಮೆಟ್ಟಿಲಿನ ಹತ್ತಿರದ ಕುರ್ಚಿಯಲ್ಲೇ ಇದ್ದೆ. ಸಾತ್ವಿಕಾ ಕೊಟ್ಟದ್ದು ನೋಡಿದೆ. ಟೀಚರ್ ಬಂದು ನಿಂತದ್ದೂ ನೋಡಿದೆ. ನೀವು ಹೇಳಿದ್ದು ಕೇಳಿ ನಾನೂ ನಕ್ಕೆ ಅಕ್ಕ. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ.’

ಫಿದಾ ಗೋಡೆಯ ಕಡೆಗೆ ತಿರುಗಿದಳು.

‘ಕ್ಷಮಿಸಿ ಅಂತ ಹೇಳ್ಲಿಕ್ಕೆ ಬಂದೆ.’

‘ಇಲ್ಲಿ ಹೇಳಿ ಎಂತ ಮಾಡುದು? ಸುಳ್ಳು ಹೇಳಿದ್ದು ಇಲ್ಲಿ ಅಲ್ವಲ್ಲ. ಚಾ ಕುಡಿಯಿರಿ, ತಣಿಯುತ್ತದೆ.’

ಬೆಲ್ಲದ ಚಾವನ್ನು ಶಶಿಪ್ರಭಾ ಪೂರ್ತಿ ಕುಡಿದಳು. ಹೊರಡುವಾಗ ಕಾಂತಿ ಟೀಚರ್ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದರು. ಬಸ್ಸಿನ ಧೂಳು ಮುಖದಲ್ಲಿ ಹಾಗೆಯೇ ಇತ್ತು.

‘ಟೀಚರ್, ನಾನು...’

‘ಆರೂಕಾಲಿಗೆ ನನ್ನ ಬಸ್ಸು’ ಎಂದರು ಟೀಚರ್. ‘ಇವಳದ್ದು ಮುಗಿಸ್ಬೇಕು.’ ಬದಿಗೆ ಸರಿದು ದಾರಿ ಬಿಟ್ಟು ಒಳಗೆ ಹೋದರು. ‘ಹೋ ಫಿದಾ, ಎಷ್ಟು ಸಲ ಆಯ್ತು ಇವತ್ತು? ಸರಿಯಾಗಿ ಹೇಳ್ಬೇಕು!’ ಎಂದು ಅವರು ಗಟ್ಟಿಯಾಗಿ ಕೇಳಿದ್ದು, ಹುಡುಗಿ ನಕ್ಕದ್ದು ಶಶಿಪ್ರಭಾಳಿಗೆ ರಸ್ತೆಯ ತನಕ ಕೇಳಿಸಿತು.

ಎರಡನೆಯ ಸಭೆ ಡಿಸೆಂಬರಿನ ಮೂರನೆಯ ಭಾನುವಾರ. ಬೆಳಿಗ್ಗೆ ಶಶಿಪ್ರಭಾ ಮಾವನಿಗೆ ಪತ್ರೊಡೆ ಬಡಿಸುವಾಗ ಹೇಳಿದಳು.

‘ಮಾವ, ಇವತ್ತು ನಾನು ಚೀಟಿಯ ವಿಷಯ ಹೇಳ್ತೇನೆ.’

ಶೆಟ್ಟರು ಅಗಿಯುವುದನ್ನು ನಿಲ್ಲಿಸಿದರು. ‘ಎಂತ ಹೇಳ್ತಿ?’

‘ಬಂದಿತ್ತು ಅಂತ. ಓದಿದೆ ಅಂತ.’

‘ಯಾರಿಗೆ ತೋರಿಸಿದೆ ಅಂತ ಕೇಳ್ತಾರೆ.’

‘ಕೇಳಿದ್ರೆ... ನಾನೇ ಶುರು ಮಾಡಿಸಿದೆ ಅಂತೇನೆ.’

ಶೆಟ್ಟರು ತಟ್ಟೆಗೆ ನೀರು ಬಿಟ್ಟು ಎದ್ದರು. ಅರ್ಧ ಪತ್ರೊಡೆ ಹಾಗೆಯೇ ಉಳಿಯಿತು. ಶಾಲೆಗೆ ಇಬ್ಬರೂ ಒಂದೇ ರಿಕ್ಷಾದಲ್ಲಿ ಹೋದರು.

ಹತ್ತನೆಯ ತರಗತಿಯ ಕೋಣೆ. ಬೆಂಚುಗಳಲ್ಲಿ ಇಪ್ಪತ್ತು, ಇಪ್ಪತ್ತೈದು ಜನ. ಮೂಸಾಕ ಕೊನೆಯ ಬೆಂಚಿನಲ್ಲಿ. ಟೀಚರನ್ನು ಕರೆದಿರಲಿಲ್ಲ. ಅವರ ಗೌರವಧನ ನಿಲ್ಲಿಸುವ ವಿಷಯ ಪಟ್ಟಿಯಲ್ಲಿ ಮೂರನೆಯದು. ಹೆಡ್ಮಾಸ್ಟರು ಅದನ್ನು ಓದಿ, ‘ಯಾರಿಗಾದರೂ ಹೇಳ್ಲಿಕ್ಕುಂಟಾ?’ ಎಂದಾಗ ಶಶಿಪ್ರಭಾ ಎದ್ದಳು. ಮೈಕಿಲ್ಲದೆ ಆ ಜನರ ಎದುರು ಅವಳು ಮಾತಾಡಿದ್ದೇ ಕಡಿಮೆ.

‘ಚೀಟಿ ಬಂದಿತ್ತು’ ಎಂದಳು.

‘ಸ್ವಲ್ಪ ಗಟ್ಟಿಯಾಗಿ ಮೇಡಂ.’

‘ಚೀಟಿ ಬಂದಿತ್ತು. ಹದಿನೈದು ನಿಮಿಷ ಬೇಕು ಅಂತ ಇತ್ತು. ನಾನು ಓದಿದೆ. ಟೀಚರ್ ಮೆಟ್ಟಿಲಿಗೆ ಬಂದು ಹತ್ತು ನಿಮಿಷವಾದರೂ ಕೊಡಿ ಅಂತ ಕೇಳಿದರು. ಅವರು ಸನ್ಮಾನಕ್ಕೆ ಬಂದದ್ದಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ತಮಾಷೆ ಮಾಡಿದೆ. ಕಳೆದ ಸಭೆಯಲ್ಲಿ ಸುಳ್ಳು ಹೇಳಿದೆ.’

ಯಾರೋ ಗಂಟಲು ಸರಿ ಮಾಡಿಕೊಂಡರು. ಆ ದಿನ ಹಿಂದಿನಿಂದ ಕೂಗಿದವನೇ ಇರಬೇಕು, ‘ಮೇಡಂ ಈಗ ಯಾರದ್ದೋ ಒತ್ತಾಯಕ್ಕೆ ಹೇಳುವುದು’ ಎಂದ.

ಮೂಸಾಕ ಎದ್ದರು. ‘ಸುಮ್ಮನೆ ಕೂತ್ಕೊ ಮಾರಾಯ. ನನ್ನ ಮಗಳ ಕಾಲಿಗೆ ಯಾರಾದ್ರೂ ಉತ್ತರ ಕೊಡ್ಬೇಕು ಅಂತ ನಾನು ಕೇಳ್ಲಿಕ್ಕೆ ಬಂದದ್ದಲ್ಲ. ಟೀಚರ್ ಬೇಕು. ಅಷ್ಟೇ. ಅವಳು ಪುನಃ ಆಡುವಾಗ ಅವರೇ ಬೇಕು ಅಂತ ಹೇಳಿದ್ದಾಳೆ.’

ಹೆಡ್ಮಾಸ್ಟರು ನಾಲ್ಕು ಮುಖ ನೋಡಿದರು. ಮೂರನೆಯ ವಿಷಯ ಕೈಬಿಡುವ, ಟೀಚರಿಗೆ ಸೋಮವಾರದಿಂದಲೇ ಬರಲು ಹೇಳುವ, ಇನ್ನು ಮುಂದೆ ಸಭಾ ಕಾರ್ಯಕ್ರಮದಲ್ಲಿ ಮಕ್ಕಳನ್ನು ನಿಲ್ಲಿಸುವುದು ಬೇಡ ಎಂದರು. ಯಾರೂ ಬೇಡ ಎನ್ನಲಿಲ್ಲ. ‘ಮೇಡಂ ಹೇಳಿದ್ದನ್ನೂ ನಡಾವಳಿಯಲ್ಲಿ ಸೇರಿಸಬೇಕಾಗ್ತದೆ’ ಎಂದು ಅವರು ಸಂಕೋಚದಿಂದ ಪುಸ್ತಕವನ್ನು ಶಶಿಪ್ರಭಾಳ ಕಡೆಗೇ ಸರಿಸಿದರು. ಬೇರೆ ಯಾರು ಬರೆಯುವವರು?

ಅವಳು ಬರೆದಳು. ‘ನವೆಂಬರ್ ಇಪ್ಪತ್ತೊಂಬತ್ತರಂದು ತರಬೇತುದಾರರು ಸಮಯ ಕೇಳಿದ್ದು ನಿಜವೆಂದೂ, ಕೇಳಿದ್ದನ್ನು ತಾನು ತಡೆದು ಅವರನ್ನು ಸಭೆಯೆದುರು ಗೇಲಿ ಮಾಡಿದ್ದಾಗಿಯೂ, ಕಳೆದ ಸಭೆಯಲ್ಲಿ ಸು’ ಎಂದು ಬರೆದು ಅವಳ ಕೈ ನಿಂತಿತು. ಬೇರೆ ಶಬ್ದಗಳು ಎಷ್ಟು ಬೇಕಾದರೂ ಇದ್ದವು. ಅವಳಿಗೆ ಎಲ್ಲವೂ ಗೊತ್ತಿತ್ತು. ‘ಸುಳ್ಳು ಹೇಳಿದ್ದಾಗಿಯೂ ಕಾರ್ಯದರ್ಶಿ ಶಶಿಪ್ರಭಾ ತಿಳಿಸಿದರು’ ಎಂದು ಮುಗಿಸಿ, ಅಧ್ಯಕ್ಷರ ಸಹಿಗೆ ಪುಸ್ತಕವನ್ನು ಮಾವನ ಮುಂದಿಟ್ಟಳು.

ಶೆಟ್ಟರು ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಒಮ್ಮೆ ಓದಿ ಮತ್ತೆ ಮೇಲಿನಿಂದ ಓದಿದರು. ಬೆಂಚುಗಳಲ್ಲಿ ಜನ ಏಳಲು ತಯಾರಾಗಿದ್ದರು.

‘ಒಂದು ಸಾಲು ಬಿಟ್ಟಿದ್ದಿ.’

‘ಯಾವುದು ಮಾವ?’

‘ಚೀಟಿಯನ್ನು ಯಾರಿಗೆ ತೋರಿಸಿದ್ದು, ಶುರು ಮಾಡು ಅಂತ ಯಾರು ಹೇಳಿದ್ದು, ಅದು ಇಲ್ಲ.’

ಏಳಲು ಹೊರಟವರು ಕೂತರು. ಶಶಿಪ್ರಭಾ ಪುಸ್ತಕ ಮುಟ್ಟಲಿಲ್ಲ.

‘ಬರೆ’ ಎಂದರು ಶೆಟ್ಟರು. ಯಾರ ಮುಖವನ್ನೂ ನೋಡದೆ, ಕರಿಹಲಗೆಯ ಕಡೆ ನೋಡುತ್ತಾ. ‘ಮೊಮ್ಮಗಳು ಕೇಳ್ತಾಳೆ. ಬರೆದದ್ದುಂಟಾ ಅಂತ ಕೇಳ್ತಾಳೆ ಅವಳು. ಬರೆ.’

ಅವಳು ಬರೆದಳು. ‘ಚೀಟಿ ನೋಡಿದ ಅಧ್ಯಕ್ಷ ಅಣ್ಣು ಶೆಟ್ಟರ ಸೂಚನೆಯಂತೆ.’ ಅಕ್ಷರಗಳು ಓರೆಯಾಗಿ, ಚಿಕ್ಕದಾಗಿ, ಅಂಚಿನಲ್ಲಿ ಕೂತವು. ಶೆಟ್ಟರು ಅದನ್ನೂ ಓದಿ, ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ಹೆಸರಿನ ಕೆಳಗೆ ಯಾವಾಗಲೂ ಎಳೆಯುವ ಉದ್ದದ ಗೆರೆಯನ್ನು ಆ ದಿನ ಎಳೆಯಲಿಲ್ಲ.